ಖಿನ್ನತೆಯಲ್ಲಿ ಗೆಳೆಯರ ಆಸರೆ

ಮನಸ್ಸು ಕುಗ್ಗಿ ಜನರಿಂದ ದೂರ ಸರಿಯುತ್ತಿರುವ ವ್ಯಕ್ತಿಯನ್ನು ಗುರುತಿಸಿ, ಒಡನಾಟ ಬಿಡದೆ, ಚಿಕಿತ್ಸೆಯವರೆಗೆ ಜೊತೆಗೆ ನಡೆಯುವಲ್ಲಿ ಸ್ನೇಹಿತರು ವಹಿಸುವ ಪಾತ್ರವನ್ನು ಕುರಿತದ್ದು ಈ ಬರಹ. ಈ ಆಸರೆ ಚಿಕಿತ್ಸೆಯಲ್ಲ, ಚಿಕಿತ್ಸೆಗೆ ಬದಲಿಯೂ ಅಲ್ಲ. ಆದರೆ ಅನೇಕರ ಪಾಲಿಗೆ ಚಿಕಿತ್ಸೆ ಶುರುವಾಗುವುದೇ ಗೆಳೆಯರೊಬ್ಬರಿಂದ. ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸುಮಾರು 20 ವಯಸ್ಕರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿದ್ದರು, ಖಿನ್ನತೆಯಿರುವವರಲ್ಲಿ ಶೇ. 85ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಬೇಸರವೆಲ್ಲ ಖಿನ್ನತೆಯಲ್ಲ. ಪರೀಕ್ಷೆಯಲ್ಲಿ ಫೇಲಾದವರು, ಮನೆಯಲ್ಲಿ ಸಾವು ಕಂಡವರು ಕೆಲವು ದಿನ ಮಂಕಾಗಿರುವುದು ಸಹಜ. ಮಂಕುತನ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರಕ್ಕೂ ಮೀರಿ, ದಿನದ ಹೆಚ್ಚು ಹೊತ್ತು ಕಾಡಿದರೆ, ಜೊತೆಗೆ ನಿದ್ದೆ, ಊಟ, ಏಕಾಗ್ರತೆ ಕೆಟ್ಟು ದಿನನಿತ್ಯದ ಕೆಲಸವೇ ನಿಂತುಹೋಗುವಂತಾದರೆ ವೈದ್ಯರು ಖಿನ್ನತೆಯನ್ನು ಶಂಕಿಸುತ್ತಾರೆ. ನಮ್ಮಲ್ಲಿ ಬಹಳ ಮಂದಿ ‘ಮನಸ್ಸು ಸರಿಯಿಲ್ಲ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಸುಸ್ತು, ತಲೆನೋವು, ಮೈಕೈ ನೋವು, ಎದೆಯುರಿ ಎಂದು ಜನರಲ್ ಡಾಕ್ಟರ ಬಳಿ ಅಲೆಯುತ್ತಾರೆ. ಗೆಳೆಯರ ಕಣ್ಣಿಗೆ ಬೀಳುವ ಗುರುತುಗಳು ಇವಕ್ಕಿಂತ ಚಿಕ್ಕವು. ವಾಟ್ಸಾಪ್ ಗುಂಪಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದವನು ಓದಿ ಸುಮ್ಮನಾಗುತ್ತಾನೆ. ಭಾನುವಾರದ ಕ್ರಿಕೆಟ್‌ಗೆ ಪ್ರತಿ ಸಲವೂ ಹೊಸ ನೆಪ. ಹಾಸ್ಟೆಲಿನಲ್ಲಾದರೆ ಮೆಸ್‌ಗೆ ಎಲ್ಲರೂ ಉಂಡು ಎದ್ದ ಮೇಲೆ ಬರುವುದು, ಬಟ್ಟೆ ಒಗೆಯದೆ ರಾಶಿ ಹಾಕುವುದು. ಸದಾ ಸಿಡುಕುವ ಗಂಡಸಿನ ಕೋಪದ ಹಿಂದೆಯೂ ಖಿನ್ನತೆ ಇರಬಹುದು. ಇದನ್ನು ಸುತ್ತಲಿನವರು ಗಮನಿಸುವುದು ಕಡಿಮೆ.

ದೂರ ಸರಿಯುವುದು ರೋಗದ ಲಕ್ಷಣ ಮಾತ್ರವಲ್ಲ, ರೋಗವನ್ನು ಬೆಳೆಸುವ ಕಾರಣವೂ ಹೌದು. ಅಮೆರಿಕದ ಮನೋವಿಜ್ಞಾನಿ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ವಿವರಿಸಿದಂತೆ, ಚಟುವಟಿಕೆ ತಗ್ಗಿದಷ್ಟೂ ಬದುಕಿನಿಂದ ಸಿಗುವ ಸಣ್ಣಪುಟ್ಟ ಖುಷಿಗಳು ತಗ್ಗುತ್ತವೆ, ಖುಷಿ ತಗ್ಗಿದಷ್ಟೂ ಏಳುವ ಮನಸ್ಸಾಗುವುದಿಲ್ಲ. ಇನ್ನೊಂದು ತುದಿಯಿಂದ ನೋಡಿದವರು ಮನೋವಿಜ್ಞಾನಿ ಜೇಮ್ಸ್ ಕಾಯ್ನ್. 1976ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿನಿಯರು ಅಪರಿಚಿತರೊಂದಿಗೆ 20 ನಿಮಿಷ ಫೋನಿನಲ್ಲಿ ಮಾತಾಡಿದರು. ಆ ಕಡೆ ಇದ್ದದ್ದು ಖಿನ್ನತೆಯ ರೋಗಿಯಾಗಿದ್ದಾಗ ಮಾತು ಮುಗಿಸಿದವರೂ ಕುಗ್ಗಿದ್ದರು, ಕಿರಿಕಿರಿಗೊಂಡಿದ್ದರು, ಮತ್ತೆ ಆ ರೋಗಿಯೊಂದಿಗೆ ಮಾತಾಡುವ ಉತ್ಸಾಹ ಅವರಿಗೆ ಕಡಿಮೆಯಾಗಿತ್ತು. ಒಳ್ಳೆಯ ಗೆಳೆಯರೂ ಮೆಲ್ಲಗೆ ಜಾರಿಕೊಳ್ಳುವುದು ಹೀಗೆ. ಅದರಲ್ಲಿ ಕೆಟ್ಟತನವೇನೂ ಇಲ್ಲ. ಫೋನ್ ಎತ್ತದವನಿಗೆ ‘ಅವನಿಗೇ ಬೇಡವಾದರೆ ನಮಗೇಕೆ’ ಎಂದು ಕರೆ ಮಾಡುವುದನ್ನು ಬಿಟ್ಟರೆ, ‘ನಾನು ಯಾರಿಗೂ ಬೇಡ’ ಎಂಬ ಅವನ ಅನುಮಾನಕ್ಕೆ ಪುರಾವೆ ಒದಗಿಸಿದಂತಾಗುತ್ತದೆ. ಗೆಳೆಯರ ಪಾತ್ರದ ತಿರುಳು ಜಾಣ ಮಾತಿನಲ್ಲಿಲ್ಲ, ಉತ್ತರ ಬರದಿದ್ದರೂ ಬಿಡದೆ ಹೋಗಿ ಬರುವುದರಲ್ಲಿದೆ.

ಮಾತು ಹೇಗಿರಬೇಕು ಎನ್ನುವುದಕ್ಕಿಂತ ಹೇಗಿರಬಾರದು ಎಂದು ಹೇಳುವುದು ಸುಲಭ. ‘ನಿನಗೇನೋ ಕಮ್ಮಿ? ಕೆಲಸ ಇದೆ, ಮನೆ ಇದೆ’, ‘ಸ್ವಲ್ಪ ಗಟ್ಟಿಯಾಗಿರು ಮಾರಾಯ’, ‘ಮದುವೆಯಾದರೆ ಎಲ್ಲ ಸರಿಹೋಗುತ್ತೆ’: ಇವೆಲ್ಲ ಕಳಕಳಿಯಿಂದಲೇ ಬರುವ ಮಾತುಗಳು, ಆದರೆ ಕೇಳುವವನ ತಪ್ಪಿತಸ್ಥ ಭಾವಕ್ಕೆ ಇನ್ನಷ್ಟು ಸೇರಿಸುತ್ತವೆ. ‘ಏನಾದರೂ ಬೇಕಿದ್ದರೆ ಹೇಳು’ ಎಂಬುದೂ ಕೆಲಸಕ್ಕೆ ಬರುವುದಿಲ್ಲ. ಏನು ಬೇಕೆಂದು ಯೋಚಿಸುವ ಶಕ್ತಿಯನ್ನೇ ಖಿನ್ನತೆ ಕಸಿದಿರುತ್ತದೆ. ‘ಮಗಾ, ಮೂರು ವಾರದಿಂದ ನೀನು ಕಾಣ್ತಿಲ್ಲ, ಸೊರಗಿದ್ದೀಯ. ಸಂಜೆ ಆರಕ್ಕೆ ಬರ್ತೀನಿ, ಟೀ ಅಂಗಡಿ ತನಕ ಹೋಗಿ ಬರೋಣ. ಮಾತಾಡದಿದ್ರೂ ಪರವಾಗಿಲ್ಲ’ ಎಂದರೆ ಅವನು ತೀರ್ಮಾನಿಸಬೇಕಾದದ್ದು ಏನೂ ಉಳಿಯುವುದಿಲ್ಲ, ಚಪ್ಪಲಿ ಮೆಟ್ಟಿಕೊಂಡರೆ ಸಾಕು. ಬರಲೊಲ್ಲೆ ಎಂದರೆ ಜಗಳವಾಡದೆ ಗುರುವಾರ ಮತ್ತೆ ಹೋಗಬೇಕು. ಇಂಥ ಸಣ್ಣ ಚಟುವಟಿಕೆಗೆ ವೈದ್ಯಕೀಯ ಬೆಲೆಯೂ ಇದೆ. ಚಟುವಟಿಕೆಗೆ ಮರಳಿಸುವ ಈ ವಿಧಾನವನ್ನು ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರ ಮೂಲಕ ಪ್ರಯೋಗಿಸಿದಾಗ ತೀವ್ರ ಖಿನ್ನತೆಯಿದ್ದವರಲ್ಲೂ ಗುಣ ಕಂಡಿತು; 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದರ ಫಲಿತಾಂಶ ಪ್ರಕಟಿಸಿತು.

ಸಾವಿನ ವಿಚಾರವನ್ನು ಕೇಳಲು ಜನ ಹೆದರುತ್ತಾರೆ, ಕೇಳಿದರೆ ಆ ಯೋಚನೆಯನ್ನು ತಾವೇ ಬಿತ್ತಿದಂತೆ ಎಂದುಕೊಳ್ಳುತ್ತಾರೆ. ಈ ಭಯಕ್ಕೆ ಆಧಾರವಿಲ್ಲ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಎದುರಿಸಿದವರಲ್ಲಿ ಅಂಥ ಯೋಚನೆ ಹೆಚ್ಚಾಗಲಿಲ್ಲ. ‘ಸಾಯಬೇಕು ಅಂತ ಅನ್ನಿಸುತ್ತಾ?’ ಎಂದು ನೇರವಾಗಿ, ಶಾಂತವಾಗಿ ಕೇಳಬಹುದು. ಹೌದು ಎಂದರೆ ಗುಟ್ಟು ಕಾಯುವ ಭಾಷೆ ಕೊಡಬಾರದು, ಒಂಟಿಯಾಗಿ ಬಿಡಬಾರದು. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಬೇರೆಯವರ ವಶಕ್ಕೆ ಕೊಡಿಸಿ, ಅದೇ ದಿನ ವೈದ್ಯರಿಗೆ ತೋರಿಸಬೇಕು. ತುರ್ತು ಎನಿಸಿದರೆ 112ಕ್ಕೆ ಕರೆ ಮಾಡಬೇಕು.

ಕರ್ನಾಟಕದಲ್ಲಿ ತೋರಿಸಲು ಸ್ಥಳವಿಲ್ಲವೆಂದಿಲ್ಲ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ರೂಪಿಸಿದ್ದೇ ಬಳ್ಳಾರಿಯಲ್ಲಿ. 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗೆಳೆಯನ ಬಗ್ಗೆ ಚಿಂತೆಯಿರುವವರೂ ಕರೆ ಮಾಡಿ ಸಲಹೆ ಕೇಳಬಹುದು. ‘ಹುಚ್ಚಾಸ್ಪತ್ರೆಗೆ ನಾನು ಬರಲ್ಲ’ ಎನ್ನುವವರನ್ನು ಮೊದಲು ಪರಿಚಯದ ಡಾಕ್ಟರ ಬಳಿಗೆ ಕರೆದೊಯ್ಯುವುದು ಜಾಣತನ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆಗಳೂ ಖಿನ್ನತೆಯಂತೆ ಕಾಣುವುದರಿಂದ ಆ ತಪಾಸಣೆ ಹೇಗೂ ಆಗಬೇಕಾದದ್ದೇ.

ಮಾತ್ರೆ ಶುರುವಾದ ಮೇಲೆ ಗೆಳೆಯರ ಕೆಲಸ ಮುಗಿಯಿತೆಂದು ತಿಳಿಯುವುದು ತಪ್ಪು. ಖಿನ್ನತೆಯ ಔಷಧಗಳ ಪರಿಣಾಮ ಚೆನ್ನಾಗಿ ಕಾಣಲು ಎರಡರಿಂದ ಆರು ವಾರ ಬೇಕು, ಹೊಟ್ಟೆ ತೊಳಸುವಂಥ ಅಡ್ಡಪರಿಣಾಮ ಮಾತ್ರ ಮೊದಲ ದಿನಗಳಲ್ಲೇ ಬರುತ್ತದೆ. ಬಹಳಷ್ಟು ಮಂದಿ ಕೈಬಿಡುವುದು ಈ ನಡುವೆಯೇ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ವೈದ್ಯರು ಹೇಳುತ್ತಾರೆ. ಆಸರೆಯಾದವರಿಗೂ ನಿದ್ದೆ, ಕೆಲಸ, ಸಂಸಾರ ಇರುವುದರಿಂದ ಈ ಹೊರೆಯನ್ನು ಇಬ್ಬರು ಮೂವರು ಹಂಚಿಕೊಂಡರೆ ಹೆಚ್ಚು ದಿನ ನಿಭಾಯಿಸಬಹುದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೆಳೆತನಕ್ಕೆ ಒಂದು ಕಾನೂನಿನ ಸ್ಥಾನವನ್ನೂ ಕೊಟ್ಟಿದೆ. ಚಿಕಿತ್ಸೆಯ ವಿಷಯದಲ್ಲಿ ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ರೋಗಿ ಬಿಳಿ ಹಾಳೆಯ ಮೇಲೆ ಬರೆದು, ಸಹಿ ಅಥವಾ ಹೆಬ್ಬೆಟ್ಟು ಒತ್ತಿ ನೇಮಿಸಬಹುದು. ಆ ಪ್ರತಿನಿಧಿ ವಯಸ್ಕರಾಗಿರಬೇಕು, ರಕ್ತಸಂಬಂಧಿಯೇ ಆಗಿರಬೇಕೆಂದಿಲ್ಲ. ಒಮ್ಮೆ ಖಿನ್ನತೆಗೆ ಒಳಗಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಮರುಕಳಿಸುವುದರಿಂದ, ಆರೋಗ್ಯವಾಗಿರುವಾಗಲೇ ಈ ಹಾಳೆಯನ್ನು ಬರೆದಿಟ್ಟುಕೊಳ್ಳುವುದು, ಯಾವ ಗುರುತು ಕಂಡರೆ ಯಾರಿಗೆ ತಿಳಿಸಬೇಕೆಂದು ಮಾತಾಡಿಕೊಳ್ಳುವುದು ಒಳ್ಳೆಯದು.