ಶರತ್ಕಾಲದ ಭೂದೃಶ್ಯ ಛಾಯಾಚಿತ್ರಗಳ ಡಿಜಿಟಲ್ ಸಂಸ್ಕರಣೆ

ಶರತ್ಕಾಲದ ಭೂದೃಶ್ಯ ಛಾಯಾಚಿತ್ರಗಳ ಡಿಜಿಟಲ್ ಸಂಸ್ಕರಣೆ ಎಂದರೆ ಆ ಋತುವಿನಲ್ಲಿ ತೆಗೆದ ನಿಸರ್ಗಚಿತ್ರಗಳ ಬೆಳಕು ಹಾಗೂ ಬಣ್ಣಗಳನ್ನು ತಂತ್ರಾಂಶದ ನೆರವಿನಿಂದ ಹೊಂದಿಸುವ ಕ್ರಿಯೆ. ಇದಕ್ಕೆ ಅಡೋಬ್ ಲೈಟ್‌ರೂಮ್ ಹಾಗೂ ಮುಕ್ತ ತಂತ್ರಾಂಶಗಳಾದ ಗಿಂಪ್, ಡಾರ್ಕ್‌ಟೇಬಲ್ ಬಳಕೆಯಲ್ಲಿವೆ.

ಮರುಸಂಸ್ಕರಣೆ

14 ಬಿಟ್‌ನ ರಾ ಕಡತವು ಪ್ರತಿ ಬಣ್ಣದಲ್ಲಿ 16,384 ಹಂತಗಳನ್ನು ದಾಖಲಿಸಬಲ್ಲದು. 8 ಬಿಟ್‌ನ ಜೆಪೆಗ್ ಕಡತದಲ್ಲಿ ಇರುವುದು 256 ಹಂತಗಳು ಮಾತ್ರ. ಸಂಸ್ಕರಣೆಯಿಂದ ರಾ ಕಡತದ ಮೂಲ ದತ್ತಾಂಶ ಬದಲಾಗದ ಕಾರಣ, ಹಳೆಯ ಚಿತ್ರವನ್ನು ವರ್ಷಗಳ ನಂತರವೂ ಹೊಸದಾಗಿ ಸಂಸ್ಕರಿಸಬಹುದು.

ಕರಾವಳಿಯಲ್ಲಿ

ಸಮಶೀತೋಷ್ಣ ವಲಯದ ಅನೇಕ ಮರಗಳ ಎಲೆಗಳು ಶರತ್ಕಾಲದಲ್ಲಿ ಹಳದಿ ಅಥವಾ ಕೆಂಪು ಬಣ್ಣಕ್ಕೆ ತಿರುಗುತ್ತವೆ. ಮಂಗಳೂರಿನಲ್ಲಿ ಆಶ್ವಯುಜ, ಕಾರ್ತಿಕ ಮಾಸಗಳು ಮಳೆಗಾಲದ ಬೆನ್ನಿಗೇ ಬರುವುದರಿಂದ ಹಸಿರೇ ಪ್ರಧಾನ. ನೇತ್ರಾವತಿ ತೀರದ ಜೆಪ್ಪು ಪ್ರದೇಶವು ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆಗೆ ಹೆಸರಾಗಿತ್ತು. ಇಲ್ಲಿನ ದೃಶ್ಯಗಳಲ್ಲಿ ಕಾಣುವ ಕೆಂಪು ಎಲೆಗಳದ್ದಲ್ಲ, ಮಂಗಳೂರು ಹೆಂಚು ಮತ್ತು ಮುರಕಲ್ಲಿನದು. ಪಾಶ್ಚಾತ್ಯ ಶರತ್ಕಾಲಕ್ಕೆಂದು ರೂಪಿಸಿದ ಪ್ರಿಸೆಟ್‌ಗಳನ್ನು ಇಂತಹ ಚಿತ್ರಗಳಿಗೆ ಅನ್ವಯಿಸಿದರೆ ಹಸಿರು ತೆಂಗಿನ ಗರಿ ಒಣಗಿದಂತೆಯೂ ಹೆಂಚು ಅತಿಯಾಗಿ ಕೆಂಪೇರಿದಂತೆಯೂ ಕಾಣಬಹುದು. ಆದ್ದರಿಂದ ಮೊದಲು ಶ್ವೇತ ಸಮತೋಲನವನ್ನು ಸರಿಪಡಿಸಿ, ಬಳಿಕ ಮಾಸ್ಕ್ ಬಳಸಿ ಎಲೆ ಮತ್ತು ಹೆಂಚುಗಳ ಬಣ್ಣವನ್ನು ಪ್ರತ್ಯೇಕವಾಗಿ ಹೊಂದಿಸುವುದು ಸೂಕ್ತ. ದಾಖಲೆಗಾಗಿ ತೆಗೆದ ಚಿತ್ರಗಳಲ್ಲಿ ಹಸಿರನ್ನು ಕಿತ್ತಳೆಯಾಗಿಸಿದರೆ ಊರಿನ ಋತುವೇ ತಪ್ಪಾಗಿ ದಾಖಲಾಗುತ್ತದೆ.