ಪ್ರಿನ್ಸೆನ್‌ಗ್ರಾಖ್ಟಿನ ದಂತವೈದ್ಯರು

ಊರಿನಿಂದ ನೆಂಟರು ಬಂದರೆಂದರೆ ನಮ್ಮ ಸಂಘದ ಎಲ್ಲರ ಮನೆಯಲ್ಲೂ ಒಂದೇ ಪಂಚಾಂಗ. ವಸಂತಕಾಲವಾದರೆ ಕ್ಯೂಕೆನ್‌ಹಾಫಿನ ಟ್ಯೂಲಿಪ್ ತೋಟ, ಮಿಕ್ಕ ದಿನಗಳಲ್ಲಿ ಗಾಳಿಗಿರಣಿ, ಮದುರೋಡಾಂ, ಕೊನೆಗೆ ಆಂಸ್ಟರ್‌ಡಾಮಿನಲ್ಲಿ ದೋಣಿಯ ಸವಾರಿ. ದೋಣಿ ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಗೆ ತಿರುಗಿದಾಗ 263ನೆಯ ನಂಬರಿನ ಮನೆಯನ್ನು ತೋರಿಸಿ "ಆನ್ ಫ್ರಾಂಕ್ ಅಡಗಿದ್ದುದು ಇಲ್ಲೇ" ಎನ್ನುತ್ತೇವೆ. ನೆಂಟರು ತಲೆದೂಗುತ್ತಾರೆ. ದೋಣಿ ಮುಂದೆ ಹೋಗುತ್ತದೆ.

ಈ ಸಲ ನಮ್ಮ ಮನೆಯಲ್ಲಿ ಆ ಸಂಗತಿ ಅಷ್ಟಕ್ಕೇ ಮುಗಿಯಲಿಲ್ಲ. ಮೈಸೂರಿನಿಂದ ನಮ್ಮ ತಂದೆಯವರು ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಡೆಲ್ಫ್ಟಿನಲ್ಲಿರುವ ನಮ್ಮ ಮನೆಯಲ್ಲಿ ಮಲಗುವ ಕೋಣೆಗಳು ಎರಡೇ. ಹನ್ನೆರಡು ವರ್ಷದ ಮಗಳ ಕೋಣೆಯಲ್ಲಿಯೇ ತಾತನಿಗೂ ಮಂಚ ಹಾಕಿದೆವು. ಅಲ್ಲಿರುವುದು ಒಂದೇ ಮೇಜು. ಬೆಳಗಿನ ಜಾವ ಐದಕ್ಕೆ ತಾತನ ಸಹಸ್ರನಾಮ. ಅವಳು ಶಾಲೆಯಿಂದ ಬರುವ ಹೊತ್ತಿಗೆ ಅವರ ನಿದ್ದೆ. ನಿದ್ದೆ ತಿಳಿದ ಮೇಲೆ ಅದೇ ಮೇಜಿನ ಮೇಲೆ ಅವರ ಕಾಗದ, ಕನ್ನಡಕ, ಮಾತ್ರೆಯ ಡಬ್ಬಿ. ಆಗಷ್ಟೇ ಶಾಲೆಯಲ್ಲಿ ಆನ್ ಫ್ರಾಂಕಳ ದಿನಚರಿಯನ್ನು ಓದುತ್ತಿದ್ದ ನಮ್ಮ ಮಗಳು ಒಂದು ಸಂಜೆ ಅಡಿಗೆಮನೆಗೆ ಬಂದು, "ನನಗೂ ಒಬ್ಬ ಡುಸೆಲ್ ಗಂಟುಬಿದ್ದಿದ್ದಾನೆ" ಎಂದು ಡಚ್ ಭಾಷೆಯಲ್ಲಿ ಹೇಳಿ ಅತ್ತುಬಿಟ್ಟಳು. ತಾತನಿಗೆ ಡಚ್ ಬರುವುದಿಲ್ಲ, ನಮ್ಮ ಪುಣ್ಯ.

ದಿನಚರಿಯನ್ನು ಓದಿದವರಿಗೆ ಡುಸೆಲ್ ಗೊತ್ತು. ಆನ್‌ಳ ಕೋಣೆಯಲ್ಲಿ ಪಾಲುಗಾರನಾಗಿ ಬಂದ, ಗೊರಕೆ ಹೊಡೆಯುವ, ಮಾತುಮಾತಿಗೆ ಬುದ್ಧಿ ಹೇಳುವ ದಂತವೈದ್ಯ. ಆದರೆ ಡುಸೆಲ್ ಎಂಬ ಹೆಸರಿನವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅದು ಆ ಹುಡುಗಿ ಇಟ್ಟ ಹೆಸರು. ಜರ್ಮನ್ ಭಾಷೆಯಲ್ಲಿ ಅದಕ್ಕೆ ಪೆದ್ದ ಎಂಬ ಅರ್ಥ. ದಂತವೈದ್ಯರ ನಿಜವಾದ ಹೆಸರು ಫ್ರಿಟ್ಸ್ ಫೆಫರ್. ನಾವು ಚರಿತ್ರೆ ಬಲ್ಲವರಲ್ಲ, ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆ ತೊಳೆದು ಬದುಕುವವರು. ಆದರೂ ಮಗಳ ಕಣ್ಣೀರಿಗೆ ಉತ್ತರ ಹೇಳಬೇಕಾಗಿ ಬಂದು, ಈ ಮನುಷ್ಯರು ಯಾರು ಎಂದು ಓದುತ್ತ ಹೋದೆವು. ಓದಿದ್ದನ್ನು ಬಳಗದವರೊಡನೆ ಹಂಚಿಕೊಳ್ಳೋಣವೆಂದು ಈ ಬರಹ.

ಫೆಫರ್ ಹುಟ್ಟಿದ್ದು 1889ರ ಏಪ್ರಿಲ್ 30ರಂದು, ಜರ್ಮನಿಯ ಗೀಸೆನ್ ಪಟ್ಟಣದ ಒಂದು ಯೆಹೂದಿ ಕುಟುಂಬದಲ್ಲಿ. ಮನೆಯವರದು ಬಟ್ಟೆ ಅಂಗಡಿ. ದಂತವೈದ್ಯವನ್ನು ಓದಿ ಬರ್ಲಿನ್ನಿನಲ್ಲಿ ವೃತ್ತಿಗೆ ನಿಂತರು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದಲ್ಲಿಯೇ ಸೇವೆ ಸಲ್ಲಿಸಿದವರು. ದೋಣಿ ಹುಟ್ಟು ಹಾಕುವುದು, ಕುದುರೆ ಸವಾರಿ ಇವರಿಗೆ ಪ್ರೀತಿ. ಮದುವೆಯಾಗಿ 1927ರಲ್ಲಿ ವೆರ್ನರ್ ಎಂಬ ಮಗ ಹುಟ್ಟಿದ. ಮುಂದೆ ವಿಚ್ಛೇದನವಾಗಿ ಮಗನನ್ನು ತಂದೆಯೇ ಸಾಕಿದರು.

ಆಮೇಲೆ ಅವರ ಬಾಳಿಗೆ ಬಂದವರು ಷಾರ್ಲೊಟ್ಟೆ ಕಾಲೆಟ್ಟಾ. ಅವರು ಕ್ರೈಸ್ತರು. ಯೆಹೂದಿಗಳೂ ಯೆಹೂದಿಗಳಲ್ಲದವರೂ ಮದುವೆಯಾಗಬಾರದೆಂದು ಹಿಟ್ಲರನ ಸರಕಾರ 1935ರಲ್ಲಿ ನ್ಯೂರೆಂಬರ್ಗ್ ಕಾಯಿದೆಗಳ ಮೂಲಕ ಕಟ್ಟಪ್ಪಣೆ ಮಾಡಿತ್ತು. ಹೀಗಾಗಿ ಇವರಿಬ್ಬರೂ ಗಂಡಹೆಂಡಿರಂತೆ ಇದ್ದರೂ ಗಂಡಹೆಂಡಿರಾಗುವಂತಿರಲಿಲ್ಲ. 1938ರ ನವೆಂಬರಿನಲ್ಲಿ ಒಂದೇ ರಾತ್ರಿ ಜರ್ಮನಿಯ ಉದ್ದಗಲಕ್ಕೂ ಯೆಹೂದಿಗಳ ಅಂಗಡಿ ಮನೆಗಳನ್ನು ಒಡೆದು, ಪ್ರಾರ್ಥನಾಮಂದಿರಗಳಿಗೆ ಬೆಂಕಿಯಿಟ್ಟ ಮೇಲೆ ಫೆಫರ್ ಹನ್ನೊಂದು ವರ್ಷದ ಮಗನನ್ನು ಇಂಗ್ಲೆಂಡಿಗೆ ಕಳಿಸಿದರು. ತಂದೆ ಮಗ ಮತ್ತೆ ಮುಖ ನೋಡಲಿಲ್ಲ. ತಾವು ಅದೇ ಡಿಸೆಂಬರಿನಲ್ಲಿ ಷಾರ್ಲೊಟ್ಟೆಯೊಡನೆ ಆಂಸ್ಟರ್‌ಡಾಮಿಗೆ ಬಂದರು. ಇಲ್ಲಿಯೂ ಮದುವೆಗೆ ಅವಕಾಶ ಸಿಗಲಿಲ್ಲ. ಜರ್ಮನ್ ಪ್ರಜೆಗಳ ಮದುವೆಗೆ ಜರ್ಮನಿಯ ಕಾನೂನೇ ಅನ್ವಯವೆಂದು ಡಚ್ ಅಧಿಕಾರಿಗಳು ಹೇಳಿದರು.

ಹೊಸ ಊರಿನಲ್ಲಿ ಇನ್ನೊಬ್ಬ ದಂತವೈದ್ಯರ ಚಿಕಿತ್ಸಾಲಯದಲ್ಲಿ ಕೆಲಸ ಹಿಡಿದರು. ಜರ್ಮನಿಯಿಂದ ಬಂದವರು ಶನಿವಾರಗಳಂದು ಓಟ್ಟೋ ಫ್ರಾಂಕರ ಮನೆಯಲ್ಲಿ ಕಾಫಿಗೆ ಸೇರುತ್ತಿದ್ದರು, ನಾವು ಯುಗಾದಿ ದೀಪಾವಳಿಗೆ ಸೇರುವಂತೆಯೇ. ಓಟ್ಟೋ ಅವರ ಕಚೇರಿಯ ಮೀಪ್ ಖೀಸ್ ಎಂಬ ಹೆಣ್ಣುಮಗಳಿಗೆ ಅಲ್ಲಿ ಈ ಡಾಕ್ಟರ ಪರಿಚಯವಾಯಿತು. ಮೀಪ್ ಅವರಿಗೆ ರೋಗಿಯೂ ಆದರು. ಮುಂದೆ ಬರೆದ ನೆನಪುಗಳಲ್ಲಿ ಆಕೆ ಇವರನ್ನು ಒಳ್ಳೆಯ ವೈದ್ಯರು, ಸೊಗಸಾದ ಮನುಷ್ಯರು ಎಂದೇ ಚಿತ್ರಿಸಿದ್ದಾರೆ.

1940ರ ಮೇ ತಿಂಗಳಲ್ಲಿ ಜರ್ಮನರು ಈ ದೇಶವನ್ನು ಹಿಡಿದರು. 1941ರ ಮೇ ತಿಂಗಳಿನಿಂದ ಯೆಹೂದಿ ವೈದ್ಯರು ಯೆಹೂದಿಗಳಲ್ಲದವರಿಗೆ ಚಿಕಿತ್ಸೆ ಮಾಡಕೂಡದೆಂದಾಯಿತು. 1942ರ ಬೇಸಿಗೆಯಲ್ಲಿ ಜನರನ್ನು ರೈಲಿಗೆ ಹತ್ತಿಸಿ ಪೂರ್ವಕ್ಕೆ ಸಾಗಿಸುವುದು ಪ್ರಾರಂಭವಾಯಿತು. ಫ್ರಾಂಕ್ ಕುಟುಂಬ ಜುಲೈ 6ರಂದೇ ಕಚೇರಿಯ ಹಿಂಭಾಗದ ಮನೆಗೆ ಸೇರಿ ಅಡಗಿಕೊಂಡಿತ್ತು. ಅಡಗಲು ಎಲ್ಲಿಯಾದರೂ ಜಾಗವುಂಟೆ ಎಂದು ಫೆಫರ್ ಮೀಪ್‌ರನ್ನು ಕೇಳಿದರು. ತಮ್ಮ ಸ್ನೇಹಿತರೇ ಅಲ್ಲಿರುವರೆಂದು ಅವರಿಗೆ ಗೊತ್ತಿರಲಿಲ್ಲ. ಒಳಗಿದ್ದ ಏಳು ಮಂದಿ ಆಲೋಚಿಸಿ ಎಂಟನೆಯವರಿಗೆ ಎಡೆ ಮಾಡಲು ಒಪ್ಪಿದರು.

ಇಲ್ಲಿ ನಮ್ಮ ಮನಸ್ಸನ್ನು ಹಿಡಿದ ಒಂದು ಸಣ್ಣ ಸಂಗತಿ ಇದೆ. ಕೂಡಲೆ ಬರಬಹುದೆಂದು ಹೇಳಿಕಳಿಸಿದಾಗ ಡಾಕ್ಟರು ಎರಡು ದಿನದ ವಾಯಿದೆ ಕೇಳಿದರಂತೆ. ರೋಗಿಗಳ ಪಟ್ಟಿಯನ್ನು ಸರಿಮಾಡಬೇಕು, ಒಂದಿಬ್ಬರ ಚಿಕಿತ್ಸೆ ಬಾಕಿ ಇದೆ, ಲೆಕ್ಕ ಚುಕ್ತಾ ಮಾಡಬೇಕು ಎಂದು. ಒಳಗಿದ್ದವರಿಗೆ ಇದು ಅವಿವೇಕವಾಗಿ ಕಂಡಿತು, ಆನ್ ಕೂಡ ಹಾಗೆಯೇ ಬರೆದಳು. ಒಂದು ದಿನ ತಡವಾದರೂ ಪ್ರಾಣಕ್ಕೆ ಅಪಾಯವಿದ್ದ ಕಾಲ, ಅವರ ಭಯ ಸಹಜ. ಆದರೆ ಪ್ರಾಣಭಯದ ನಡುವೆ ಯಾರದೋ ಬಾಯಲ್ಲಿ ಅರ್ಧಕ್ಕೆ ನಿಂತ ಹಲ್ಲಿನ ಕೆಲಸವನ್ನು ಮುಗಿಸಿಯೇ ಹೊರಡುತ್ತೇನೆಂದ ವೈದ್ಯರನ್ನು ನಾವು ಪೆದ್ದರೆನ್ನಲಾರೆವು.

1942ರ ನವೆಂಬರ್ 16ರಂದು ಅವರು ಒಳಸೇರಿದರು. ವಿದೇಶಕ್ಕೆ ಓಡಿಹೋದರೆಂದು ತಾವು ನಂಬಿದ್ದ ಫ್ರಾಂಕ್ ಕುಟುಂಬ ಎದುರಿಗೆ ಕುಳಿತಿರುವುದನ್ನು ಕಂಡು ಮಾತೇ ಹೊರಡದೆ ನಿಂತರಂತೆ. ಅವರಿಗೆ ಐವತ್ತಮೂರು ವರ್ಷ, ಆನ್‌ಗೆ ಹದಿಮೂರು. ಅಕ್ಕ ಮಾರ್ಗಟ್ ತಂದೆತಾಯಿಯರ ಕೋಣೆಗೆ ಹೋಗಿ, ಆ ಇಕ್ಕಟ್ಟಾದ ಉದ್ದ ಕೋಣೆಯಲ್ಲಿ ಇವರಿಬ್ಬರೂ ಇಪ್ಪತ್ತು ತಿಂಗಳಿಗೂ ಮಿಕ್ಕಿ ಕಳೆದರು.

ಹಲ್ಲು ತುಂಬುವ ಸಾಮಗ್ರಿಯನ್ನೂ ತರಲಿ ಎಂದು ಒಳಗಿದ್ದವರು ಮೊದಲೇ ಬಯಸಿದ್ದರು. ಡಿಸೆಂಬರಿನಲ್ಲಿ ಅವರ ಚಿಕಿತ್ಸಾಲಯ ತೆರೆಯಿತು. ಮೊದಲ ರೋಗಿ ಜೊತೆಯಲ್ಲಿದ್ದ ಫಾನ್ ಪೆಲ್ಸ್ ಕುಟುಂಬದ ಯಜಮಾನಿ. ಕ್ರಿಮಿನಾಶಕದ ಬದಲು ಓ ಡಿ ಕಲೋನ್, ಮೇಣದ ಬದಲು ವ್ಯಾಸಲೀನ್. ಆಕೆ ಕೈಕಾಲು ಬಡಿದ ರಭಸಕ್ಕೆ ಸಲಾಕೆ ಹಲ್ಲಿನಲ್ಲಿಯೇ ಸಿಕ್ಕಿಕೊಂಡು ನಿಂತಿತಂತೆ. ಆನ್ ಇದನ್ನು ನಗೆ ಉಕ್ಕುವಂತೆ ಬರೆದಿದ್ದಾಳೆ. ಮುಂದಿನ ಕಟ್ಟಡದಲ್ಲಿ ಓಟ್ಟೋ ಅವರ ವ್ಯಾಪಾರ: ಜಾಮು ಗಟ್ಟಿಯಾಗಲು ಹಾಕುವ ಪೆಕ್ಟಿನ್, ಮಾಂಸಕ್ಕೆ ಹಾಕುವ ಸಾಂಬಾರ ಪದಾರ್ಥ. ನಮ್ಮಲ್ಲಿ ಹಲ್ಲುನೋವು ಬಂದರೆ ಅಜ್ಜಿಯರು ಮೊದಲು ಕೈಹಾಕುತ್ತಿದ್ದುದೂ ಸಾಂಬಾರದ ಡಬ್ಬಿಗೇ. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ನೋವನ್ನು ಮಂದಮಾಡುತ್ತದೆ. ಸತುವಿನ ಆಕ್ಸೈಡಿನೊಡನೆ ಕಲಸಿದರೆ ಗಟ್ಟಿಯಾಗಿ ಹಲ್ಲಿನ ಗುಳಿಯನ್ನು ತುಂಬುತ್ತದೆ. ದಂತವೈದ್ಯರ ಕೋಣೆಗೆ ಕಾಲಿಟ್ಟೊಡನೆ ಮೂಗಿಗೆ ಬರುವ ವಾಸನೆ ಅದೇ.

ಮೇಜಿನ ಜಗಳ ನಡೆದದ್ದು 1943ರ ಜುಲೈಯಲ್ಲಿ. ಆನ್‌ಗೆ ಬರೆಯಲು ವಾರಕ್ಕೆ ಎರಡು ಮಧ್ಯಾಹ್ನ ಇನ್ನಷ್ಟು ಹೊತ್ತು ಮೇಜು ಬೇಕು. ಡಾಕ್ಟರಿಗೆ ತಮ್ಮ ಓದಿಗೆ ಬೇಕು. ಅವಳದು ಆಟ, ತಮ್ಮದು ಕೆಲಸ ಎಂಬ ಧೋರಣೆ ಅವರದು. ಅದು ತಪ್ಪೇ. ಓಟ್ಟೋ ನಡುವೆ ಬಂದು ಮಗಳಿಗೆ ಎರಡು ಮಧ್ಯಾಹ್ನಗಳನ್ನು ಕೊಡಿಸಿದರು. ಅಷ್ಟಕ್ಕೂ ಡಾಕ್ಟರು ಓದುತ್ತಿದ್ದುದು ಏನು? ಸ್ಪ್ಯಾನಿಷ್, ಇಂಗ್ಲಿಷ್, ಜೊತೆಗೆ ಡಚ್. ಯಾವ ಫಲವೂ ಕಾಣಲಿಲ್ಲವೆಂದು ಆನ್ ಗೇಲಿ ಮಾಡುತ್ತಾಳೆ. ಇನ್‌ಬರ್ಗರಿಂಗ್ ಪರೀಕ್ಷೆಗೆ ಕುಳಿತು ಬೆವರಿದ ನಮ್ಮ ಸದಸ್ಯರು ಈ ಗೇಲಿಗೆ ನಗಲಾರರು.

ಆ ಮೇಜಿನ ಮೇಲೆ ಅವರು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಷಾರ್ಲೊಟ್ಟೆಗೆ ಕಾಗದ ಬರೆಯುತ್ತಿದ್ದರು. ಮೀಪ್ ಅದನ್ನು ಒಯ್ದು ಕೊಟ್ಟು, ಉತ್ತರವನ್ನೂ ಕಟ್ಟುಗಳನ್ನೂ ತಂದುಕೊಡುತ್ತಿದ್ದರು. ಅದೇ ಊರಿನಲ್ಲಿದ್ದ ಷಾರ್ಲೊಟ್ಟೆಗೆ ತನ್ನವರು ಎಲ್ಲಿರುವರೆಂಬುದು ಗೊತ್ತಿರಲಿಲ್ಲ. ಒಳಗೆ ಫ್ರಾಂಕರು, ಫಾನ್ ಪೆಲ್ಸರು ತಂತಮ್ಮ ಕುಟುಂಬದೊಡನೆ ಇದ್ದರು. ಒಬ್ಬಂಟಿಯಾಗಿ ಇದ್ದವರು ಫೆಫರ್ ಒಬ್ಬರೇ.

1944ರ ಆಗಸ್ಟ್ 4ರಂದು ಎಂಟು ಮಂದಿಯೂ ಸೆರೆಯಾದರು. ವೆಸ್ಟರ್‌ಬೋರ್ಕ್ ಶಿಬಿರ, ಅಲ್ಲಿಂದ ಸೆಪ್ಟೆಂಬರ್ 3ರ ರೈಲಿನಲ್ಲಿ ಔಷ್ವಿಟ್ಸ್. ಫೆಫರರನ್ನು ಮುಂದೆ ಹ್ಯಾಂಬರ್ಗಿನ ಬಳಿಯ ನಾಯೆನ್‌ಗಮ್ಮೆ ಶಿಬಿರಕ್ಕೆ ಸಾಗಿಸಿದರು. 1944ರ ಡಿಸೆಂಬರ್ 20ರಂದು, ಐವತ್ತೈದನೆಯ ವಯಸ್ಸಿನಲ್ಲಿ, ಕರುಳಿನ ರೋಗದಿಂದ ಅಲ್ಲಿಯೇ ತೀರಿಕೊಂಡರು. ಎಂಟು ಜನರಲ್ಲಿ ಬದುಕಿ ಬಂದವರು ಓಟ್ಟೋ ಒಬ್ಬರೇ. ವೆಸ್ಟರ್‌ಬೋರ್ಕಿನ ಬಯಲಿನಲ್ಲಿ ಈಗ 1,02,000 ಸಣ್ಣ ಕಲ್ಲುಗಳನ್ನು ನೆಟ್ಟಿದ್ದಾರೆ, ತಿರುಗಿ ಬಾರದ ಒಬ್ಬೊಬ್ಬರಿಗೆ ಒಂದೊಂದು.

ಸತ್ತವರ ಬಗೆಗೆ ಲೋಕ ಏನನ್ನು ನೆನೆಯುತ್ತದೆ ಎಂಬ ಕಥೆ ಇಲ್ಲಿಂದ ಮುಂದೆ. 1947ರಲ್ಲಿ ದಿನಚರಿ ಅಚ್ಚಾಯಿತು. 1955ರಲ್ಲಿ ಅಮೆರಿಕದಲ್ಲಿ ನಾಟಕವಾಯಿತು, 1959ರಲ್ಲಿ ಚಲಚ್ಚಿತ್ರ. ನಾಟಕದಲ್ಲಿ ಡುಸೆಲ್ ಒಬ್ಬ ಹಾಸ್ಯಪಾತ್ರ. ತನ್ನ ಧರ್ಮದ ಹಬ್ಬವೇನೆಂಬುದೂ ತಿಳಿಯದವನು. ಷಾರ್ಲೊಟ್ಟೆ ಇದನ್ನು ಸಹಿಸಲಿಲ್ಲ. ಫೆಫರ್ ಹೀಬ್ರೂ ಬಲ್ಲವರು, ಧರ್ಮಶ್ರದ್ಧೆ ಇದ್ದವರು ಎಂದು ನಾಟಕಕಾರರಿಗೆ ಬರೆದು ಪ್ರತಿಭಟಿಸಿದರು. ಫಲ ಕಾಣಲಿಲ್ಲ. ಐವತ್ತರ ದಶಕದಲ್ಲಿ ಆಕೆ, ಬದುಕಿದ್ದಾಗ ಆಗದ ಮದುವೆಯನ್ನು ತೀರಿಹೋದವರೊಡನೆ ಕಾನೂನಿನಂತೆ ನೋಂದಾಯಿಸಿಕೊಂಡು, 1937ರಿಂದಲೇ ಅವರ ಹೆಂಡತಿ ಎನಿಸಿಕೊಂಡರು. ಕ್ರಮೇಣ ಓಟ್ಟೋ ಮತ್ತು ಮೀಪ್ ಅವರಿಂದ ದೂರವಾಗಿ, 1985ರಲ್ಲಿ ತೀರಿಕೊಂಡರು. ಎರಡು ವರ್ಷದ ಮೇಲೆ ಆಂಸ್ಟರ್‌ಡಾಮಿನ ವಾಟರ್‌ಲೋಪ್ಲೇನ್ ಸಂತೆಯಲ್ಲಿ, ಹಳೆಯ ಸಾಮಾನಿನ ರಾಶಿಯ ನಡುವೆ ಆಕೆಯ ಮನೆಯ ಕಾಗದಗಳೂ ಭಾವಚಿತ್ರಗಳೂ ಸಿಕ್ಕವು. ಷಾರ್ಲೊಟ್ಟೆಗೆ ಫೆಫರ್ ಬರೆದ ಪ್ರೇಮಪತ್ರವೂ ಅದರಲ್ಲಿತ್ತು. ಯಾರೋ ನೋಡದೆ ಹೋಗಿದ್ದರೆ ಅದು ಕಸಕ್ಕೆ ಸೇರುತ್ತಿತ್ತು.

ಮಗ ವೆರ್ನರ್ ಅಮೆರಿಕಕ್ಕೆ ಹೋಗಿ ಪೀಟರ್ ಪೆಪ್ಪರ್ ಎಂದು ಹೆಸರು ಬದಲಿಸಿಕೊಂಡಿದ್ದರು. 1995ರಲ್ಲಿ ತೆರೆಕಂಡ ಒಂದು ಸಾಕ್ಷ್ಯಚಿತ್ರಕ್ಕಾಗಿ ಅವರು ವೃದ್ಧೆ ಮೀಪ್‌ರನ್ನು ಭೇಟಿಯಾಗಿ, ತಂದೆಯನ್ನು ಉಳಿಸಲು ಶ್ರಮಿಸಿದ್ದಕ್ಕೆ ಕೃತಜ್ಞತೆ ಹೇಳಿದರು. ಆಗಲೇ ಅವರಿಗೆ ಕ್ಯಾನ್ಸರ್. ಸ್ವಲ್ಪ ದಿನಗಳಲ್ಲಿಯೇ ತೀರಿಕೊಂಡರು.

ಪ್ರಯೋಗಶಾಲೆಯಲ್ಲಿ ಒಂದೇ ಉಪಕರಣದ ಒಂದೇ ಅಳತೆಯನ್ನು ನಂಬಿ ನಾವು ಏನನ್ನೂ ಬರೆಯುವುದಿಲ್ಲ. ಉಪಕರಣ ಸುಳ್ಳು ಹೇಳುತ್ತದೆಂದಲ್ಲ. ಅದು ನಿಂತ ಜಾಗದಿಂದ ಅದಕ್ಕೆ ಕಂಡಷ್ಟೇ ಕಾಣುತ್ತದೆ. ಆನ್ ಸುಳ್ಳು ಬರೆಯಲಿಲ್ಲ. ಹದಿಮೂರರ ಹುಡುಗಿ, ಹೊರಗೆ ಕಾಲಿಡುವಂತಿಲ್ಲ, ತನ್ನದೆನ್ನಲು ಒಂದು ಮೂಲೆಯಿಲ್ಲ. ಅವಳ ಸಿಟ್ಟು ನಿಜವಾದದ್ದು. ಡಾಕ್ಟರೂ ಆಹಾರವನ್ನು ಬಚ್ಚಿಟ್ಟುಕೊಂಡದ್ದುಂಟು, ಸಿಡುಕಿದ್ದುಂಟು. ಆದರೆ ಅದೇ ಮನುಷ್ಯರನ್ನು ಮೀಪ್, ಷಾರ್ಲೊಟ್ಟೆ, ಮಗ ಕಂಡ ಅಳತೆಗಳೂ ಇವೆ. ಒಂದು ಕೋಟಿಗಟ್ಟಲೆ ಓದುಗರನ್ನು ಮುಟ್ಟಿತು, ಮಿಕ್ಕವು ಸಂತೆಯ ರಾಶಿಯಲ್ಲಿ ಬಿದ್ದಿದ್ದವು.

ಇದನ್ನೆಲ್ಲ ಮಗಳಿಗೆ ಹೇಳಿದೆವು. ಅವಳು ಕೂಡಲೆ ಕರಗಿಬಿಟ್ಟಳೆಂದರೆ ಸುಳ್ಳಾದೀತು. ಎರಡು ದಿನ ಬಿಟ್ಟು, "ತಾತ ಅಲ್ಲಿ ಕುಳಿತು ಏನು ಬರೆಯುತ್ತಾರೆ?" ಎಂದು ಕೇಳಿದಳು. ನಮಗೂ ಗೊತ್ತಿರಲಿಲ್ಲ. ಅವಳೇ ಹೋಗಿ ಕೇಳಿದಳು. ತೀರಿಹೋದ ಅಜ್ಜಿಯ ಮಾತುಗಳನ್ನು, ಮರೆತುಹೋಗುವ ಮುಂಚೆ, ದಿನಕ್ಕೊಂದು ಪುಟ ಬರೆಯುತ್ತಿದ್ದರಂತೆ. ವಾರಕ್ಕೆ ಮೂರು ದಿನ ಮೇಜು ಅವಳಿಗೆ, ಮಿಕ್ಕ ದಿನ ತಾತನಿಗೆ ಎಂದು ಅವರಿಬ್ಬರೇ ಗೊತ್ತುಮಾಡಿಕೊಂಡರು. ಸಹಸ್ರನಾಮ ಮಾತ್ರ ಐದಕ್ಕೇ ನಡೆಯಿತು.

ಮುಂದಿನ ಸಲ ನೆಂಟರನ್ನು ಕರೆದೊಯ್ಯುವ ಸದಸ್ಯರಲ್ಲಿ ಒಂದು ಬಿನ್ನಹ. ಟಿಕೆಟನ್ನು ಮುಂಚಿತವಾಗಿ ಕಾದಿರಿಸಿ ಒಳಗೇ ಹೋಗಿರಿ. ಆನ್‌ಳ ಕೋಣೆಯಲ್ಲಿ ಗೋಡೆಗೆ ಅವಳು ಅಂಟಿಸಿದ ಚಿತ್ರಗಳನ್ನು ನೋಡುವಾಗ, ಅಲ್ಲಿ ಇನ್ನೊಂದು ಹಾಸಿಗೆಯೂ ಇತ್ತು, ಅದರಲ್ಲಿ ಮಲಗುತ್ತಿದ್ದವರ ಹೆಸರು ಫ್ರಿಟ್ಸ್ ಫೆಫರ್ ಎಂದು ಮಕ್ಕಳಿಗೆ ಹೇಳಿರಿ.