ಡಿಸೆಂಬರ್ 24ರ ಕಳ್ಳು

ನಮ್ಮೂರು ವಾಮದಪದವಿನಲ್ಲಿ ಕ್ರಿಸ್ಮಸ್ ಬೆಳಗ್ಗಿನ ತಿಂಡಿ ಶುರುವಾಗ್ತಾ ಇದ್ದದ್ದು ಮುಂಚಿನ ದಿನ ಸಂಜೆ, ನಮ್ಮ ಮನೆ ಹಿಂದಿನ ತೆಂಗಿನ ಮರದ ತುದಿಯಲ್ಲಿ. ನಾವು ಕ್ರೈಸ್ತರಲ್ಲ, ಬಿಲ್ಲವರು. ಅಜ್ಜ ಕಾಲಿಗೆ ತಳೆ ಹಾಕಿ, ಸೊಂಟಕ್ಕೆ ಕತ್ತಿ, ಸೋರೆ ಬುರುಡೆ ಕಟ್ಟಿಕೊಂಡು ಮರ ಹತ್ತಿ ಕಳ್ಳು ಇಳಿಸುತ್ತಿದ್ದರು. ಉಳಿದ ದಿನ ಅದು ಮಾರಾಟಕ್ಕೆ. ಡಿಸೆಂಬರ್ 24ರ ಸಂಜೆ ಮಾತ್ರ ಒಂದು ತಂಬಿಗೆ ಬೇರೆ ತೆಗೆದಿಟ್ಟು ನನ್ನ ಕೈಗೆ ಕೊಡುತ್ತಿದ್ದರು. ಗದ್ದೆಯ ಹುಣಿ ದಾಟಿ ಆಚೆ ಮನೆಯ ಬಾಯಮ್ಮನಿಗೆ ತಲುಪಿಸುವುದು ನನ್ನ ಕೆಲಸ. ನಮ್ಮ ಕಡೆ ಕೊಂಕಣಿ ಕೆಥೋಲಿಕರನ್ನು ಪೊರ್ಬುಗಳು ಅಂತಲೂ, ಆ ಮನೆಯ ಹೆಂಗಸರನ್ನು ಬಾಯಮ್ಮ ಅಂತಲೂ ಕರೆಯುವುದು ರೂಢಿ.

ಬಾಯಮ್ಮ ಅಷ್ಟರಲ್ಲಿ ಅಕ್ಕಿ, ಉದ್ದು ರುಬ್ಬಿ ಕಾಯುತ್ತಾ ಇರುತ್ತಿದ್ದರು. ಕಳ್ಳನ್ನು ಬಟ್ಟೆಯಲ್ಲಿ ಸೋಸಿ ಹಿಟ್ಟಿಗೆ ಕಲಸಿ ಮುಚ್ಚಿಟ್ಟರೆ ರಾತ್ರಿಯೊಳಗೆ ಉಬ್ಬಿ ಬರುತ್ತದೆ. ಪೂಜೆ ಮುಗಿಸಿ ಬಂದವರಿಗೆ ಬಿಸಿ ಬಿಸಿ ಸಾನ್ನಾ. ಅವರಿಗೆ ಅದರ ಜೊತೆ ಹಂದಿ ಮಾಂಸದ ಬಫಾತ್. ನಮ್ಮನೆಯಲ್ಲಿ ಹಂದಿ ತಿನ್ನುವುದಿಲ್ಲ ಅಂತ ಗೊತ್ತಿದ್ದ ಬಾಯಮ್ಮ ನಮ್ಮ ಪಾಲಿನ ಸಾನ್ನಾಕ್ಕೆ ತೆಂಗಿನ ಹಾಲು, ಬೆಲ್ಲ ಕಳಿಸುತ್ತಿದ್ದರು. ಅದೇ ತಂಬಿಗೆ ತೊಳೆದು, ಅದರ ಮೇಲೊಂದು ತಟ್ಟೆ ಕುಸ್ವಾರ್ ಇಟ್ಟು.

ಸಾನ್ನಾ ಅಂದರೆ ಇಡ್ಲಿಯೇ ಅಲ್ವಾ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಅಲ್ಲ ಮಾರಾಯ್ರೆ. ಇಡ್ಲಿಯ ಹುಳಿ ಬರುವುದು ಉದ್ದಿನಲ್ಲೇ ಇರುವ ಬ್ಯಾಕ್ಟೀರಿಯಾದಿಂದ. ಅದಕ್ಕೆ ಸೆಕೆ ಬೇಕು, ಸಮಯ ಬೇಕು. ಡಿಸೆಂಬರದ ಚಳಿಗೆ ಅದು ಸೋಮಾರಿ. ಕಳ್ಳಿನಲ್ಲಿ ಇರುವುದು ಯೀಸ್ಟ್, ಬೇಕರಿಯವರು ಬಳಸುವ ಜಾತಿಯೇ. ಮರದಿಂದ ಇಳಿಯುವಾಗಲೇ ನೊರೆ ಕಟ್ಟಿಕೊಂಡು ಕೆಲಸ ಶುರು ಮಾಡಿರುತ್ತದೆ. ಅದಕ್ಕೇ ಸಾನ್ನಾ ಇಡ್ಲಿಗಿಂತ ಮೆತ್ತಗೆ, ಬಾಯಲ್ಲಿ ಸಣ್ಣ ಸಿಹಿ. ಅದೇ ಕಳ್ಳನ್ನು ಹುಳಿಯಲು ಬಿಟ್ಟರೆ ಸಿರ್ಕಾ ಆಗುತ್ತದೆ. ಅದು ಮಾಂಸದ ಅಡುಗೆಗೆ. ಹಬ್ಬದ ತಟ್ಟೆಯಲ್ಲಿ ಒಂದೇ ಮರ ಎರಡು ಕಡೆ ಕೂತಿರುತ್ತದೆ ಅಂದ ಹಾಗಾಯ್ತು.

ಈ ಅಡುಗೆ ಇಲ್ಲಿಗೆ ಬಂದ ದಾರಿ ಉದ್ದ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಬ್ರೆಡ್ಡು ಬೇಕು, ಯೀಸ್ಟ್ ಇಲ್ಲ. ಅಲ್ಲಿನ ಬೇಕರಿಯವರು ತೆಂಗಿನ ಕಳ್ಳು ಹಾಕಿಯೇ ಪಾವ್ ಉಬ್ಬಿಸಿದರು. ಕೊಂಕಣಿಯಲ್ಲಿ ಕಳ್ಳಿಗೆ ಸೂರ್ ಅನ್ನುತ್ತಾರೆ. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಶುರುವಾಯ್ತು. ಮತಾಂತರ ಆದವರು ಹಳೆಯ ಆಚಾರ ಬಿಟ್ಟಿದ್ದಾರೋ ಇಲ್ಲವೋ ಅಂತ ನೋಡುವ ಮತ ವಿಚಾರಣೆ ಅದು. 1736ರ ಅದರ ಶಾಸನದಲ್ಲಿ, ಹಿಂದೂಗಳ ಹಾಗೆ ಉಪ್ಪಿಲ್ಲದೆ ಅನ್ನ ಬೇಯಿಸಬಾರದು ಅನ್ನುವ ನಿಷೇಧವೂ ಸೇರಿತ್ತು. ಅನ್ನದ ಪಾತ್ರೆಯೊಳಗೆ ಇಣುಕಿದವರು ಅವರು! ಈ ಕಾಟ, ಬರ, ಮರಾಠರ ದಾಳಿ, ಎಲ್ಲ ಸೇರಿ ಗೋವಾದ ಕೊಂಕಣಿ ಕ್ರೈಸ್ತರು ಅಲೆ ಅಲೆಯಾಗಿ ದಕ್ಷಿಣಕ್ಕೆ, ನಮ್ಮ ಜಿಲ್ಲೆಗೆ ಬಂದರು.

ತಮಾಷೆ ಏನೆಂದರೆ ಇಣುಕಿ ನೋಡಿದವರಿಗೂ ಸಿಗದೆ ಎಷ್ಟೋ ಉಳಿದುಬಂತು. ಬಾಯಮ್ಮನ ಕುಸ್ವಾರಿನಲ್ಲಿ ನೆವ್ರಿ ಇರುತ್ತಿತ್ತು, ನಮ್ಮ ಕರ್ಜಿಕಾಯಿಯೇ. ಗೋವಾದ ಹಿಂದೂಗಳು ಚೌತಿಗೆ ಗಣಪತಿಗೆ ಇಡುವುದೂ ಅದನ್ನೇ. ಕುಸ್ವಾರ್ ಅನ್ನುವ ಹೆಸರು ಮಾತ್ರ ಪೋರ್ಚುಗೀಸ್, ‘ಕೊನ್ಸೊವಾದ’ ಅನ್ನುವ ಶಬ್ದದಿಂದ ಬಂದದ್ದು. ಕ್ರಿಸ್ಮಸ್ ಹಿಂದಿನ ದಿನದ ಉಪವಾಸ ಮುರಿಯುವ ರಾತ್ರಿಯೂಟಕ್ಕೆ ಅಲ್ಲಿ ಆ ಹೆಸರು. ಹೆಸರು ಲಿಸ್ಬನ್ನಿನದು, ಒಳಗಿನ ಹೂರಣ ನಮ್ಮದು. ಕಿಡಿಯೊ ಅಂತ ಇನ್ನೊಂದು ತಿಂಡಿ ಉಂಟು. ಕೊಂಕಣಿಯಲ್ಲಿ ಹುಳು ಅಂತ ಅರ್ಥ. ಫೋರ್ಕಿನ ಮೇಲೆ ಅಥವಾ ಹೊಸ ಬಾಚಣಿಗೆಯ ಮೇಲೆ ಹಿಟ್ಟು ಒತ್ತಿ ಸುರುಳಿ ಮಾಡುವುದು. ನಾನು ಚಿಕ್ಕವನಿದ್ದಾಗ ಆ ಹೆಸರು ಕೇಳಿ ಒಂದು ವರ್ಷ ಮುಟ್ಟಿರಲಿಲ್ಲ. ಅಕ್ಕ ಎರಡು ಪಾಲು ತಿಂದಳು.

ಉಪವಾಸದ ಮಾತು ಬಂತಲ್ಲ, ಅದನ್ನೂ ಹೇಳಬೇಕು. ಈಗ ನಾವು ಬ್ರೇಕ್‌ಫಾಸ್ಟ್ ಅನ್ನುವುದು ಬರೀ ಶಬ್ದ. ಅಜ್ಜನ ಯೌವನದಲ್ಲಿ ಪೊರ್ಬುಗಳಿಗೆ ಅದು ನಿಜವಾಗಿಯೂ ಉಪವಾಸ ಮುರಿಯುವುದೇ. ಕೆಥೋಲಿಕ್ ಸಭೆಯ ಆಗಿನ ನಿಯಮದಲ್ಲಿ ಕ್ರಿಸ್ಮಸ್ ಹಿಂದಿನ ದಿನ ಉಪವಾಸ, ಮಾಂಸ ವರ್ಜ್ಯ. ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುವವರು ಮಧ್ಯರಾತ್ರಿಯಿಂದ ಒಂದು ಹನಿ ನೀರೂ ಕುಡಿಯಬಾರದು. 1953ರಲ್ಲಿ ಹನ್ನೆರಡನೇ ಪಯಸ್ ಪೋಪ್ ನೀರಿಗೆ ಅನುಮತಿ ಕೊಟ್ಟರು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ಅದಕ್ಕಿಂತ ಮುಂಚೆ ಬೆಳಗ್ಗಿನ ಪೂಜೆಗೆ ದೂರದಿಂದ ನಡೆದು ಹೋಗಿ ಬಂದವರ ಹಸಿವನ್ನು ಊಹಿಸಿಕೊಳ್ಳಿ. ಆ ಹಸಿವಿನ ಎದುರು ಸಾನ್ನಾ ಉಬ್ಬದೆ ಹಿಟ್ಟಿನ ಉಂಡೆ ಆಗಿ ಕೂತರೆ? ಬಾಯಮ್ಮನ ಅತ್ತೆ ಅಜ್ಜನಿಗೆ ಹದಿನೈದು ದಿನ ಮುಂಚೆಯೇ ನೆನಪು ಮಾಡುತ್ತಿದ್ದರಂತೆ.

ಇತಿಹಾಸದ ಪುಸ್ತಕದಲ್ಲಿ ಮಂಗಳೂರು ಕ್ರೈಸ್ತರ ಕಥೆ ಬಂದರೆ 1784ರ ಫೆಬ್ರವರಿ 24 ಬಂದೇ ಬರುತ್ತದೆ. ಟಿಪ್ಪು ಸುಲ್ತಾನ್ ಇವರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. 1799ರ ಮೇ 4ರಂದು ಅವನು ಸತ್ತ ಮೇಲೆಯೇ ಉಳಿದವರಿಗೆ ಬಿಡುಗಡೆ. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ, ಹದಿನೈದು ಕ್ರಿಸ್ಮಸ್. ಟಿಪ್ಪು ತನ್ನ ರಾಜ್ಯದಲ್ಲಿ ಹೆಂಡ, ಸಾರಾಯಿ ನಿಲ್ಲಿಸಲು ಹೊರಟವನು. ಆ ಹದಿನೈದು ಬೆಳಗ್ಗೆಗಳಲ್ಲಿ ಸೂರ್ ಹಾಕಿದ ಸಾನ್ನಾ ಬೆಂದಿರಲಾರದು ಅಂತ ನನ್ನ ಊಹೆ. ಹಿಂತಿರುಗಿ ಬಂದವರಿಗೆ ಮನೆ, ಗದ್ದೆ, ಇಗರ್ಜಿ ಎಲ್ಲ ಮೊದಲಿನಿಂದ. ಆ ಪಟ್ಟಿಯಲ್ಲಿ ಕಳ್ಳಿನ ತಂಬಿಗೆಯೂ ಇದ್ದಿರಬೇಕು, ಆದರೆ ತಂಬಿಗೆ ಕೊಟ್ಟವರ ಹೆಸರು ಯಾರೂ ಬರೆದಿಡುವುದಿಲ್ಲ. 1801ರಲ್ಲಿ ನಮ್ಮ ಕಡೆ ಓಡಾಡಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ಪುಸ್ತಕದಲ್ಲಿ, ಮರದ ರಸ ಇಳಿಸುವುದು ಬಿಲ್ಲವರ ಕಸುಬು ಅಂತ ಒಂದು ಸಾಲು ಬರೆದ. ಆ ರಸ ಯಾರ ಹಬ್ಬದ ಹಿಟ್ಟಿಗೆ ಹೋಗುತ್ತಿತ್ತು ಅಂತ ಅವನು ಕೇಳಿದ ಹಾಗಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹಾಗೇ. ಆ್ಯಪ್‌ ಮಾಡಿದ ಕಂಪನಿಯ ಹೆಸರು ಎಲ್ಲರಿಗೂ ಗೊತ್ತು, ಒಳಗೆ ಕೂತ ಲೈಬ್ರರಿ ಬರೆದವನ ಹೆಸರು ಅದು ಕೈಕೊಟ್ಟಾಗ ಮಾತ್ರ.

ಕೈಕೊಟ್ಟ ಕಾಲವೂ ಒಂದಿತ್ತು. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. 1948ರ ಹೊತ್ತಿಗೆ ಮದ್ರಾಸಿನಲ್ಲಿ ಪೂರ್ತಿ ಪಾನನಿಷೇಧ. ಮೈಸೂರಿಗೆ ಸೇರಿದ ಮೇಲೂ ಅದು ನಮ್ಮಲ್ಲಿ ಮುಂದುವರಿದು, ಸಡಿಲವಾದದ್ದು 1960ರ ದಶಕದ ಕೊನೆಗೆ. ಆಗ ಲೈಸೆನ್ಸ್ ಇದ್ದವರು ಒಳಗೆ ಸುಣ್ಣ ಬಳಿದ ಮಡಕೆಯಲ್ಲಿ ಸಿಹಿ ರಸ ಇಳಿಸಿ ಬೆಲ್ಲ ಮಾಡಬಹುದಿತ್ತು. ಸುಣ್ಣ ಇದ್ದರೆ ಹುದುಗು ಬರುವುದಿಲ್ಲ. ‘ಸುಣ್ಣ ಪಾಡ್ಂಡ ಕಲಿ ಸೈಪುಂಡು’ ಅನ್ನುತ್ತಿದ್ದರು ಅಜ್ಜ, ಸುಣ್ಣ ಹಾಕಿದರೆ ಕಳ್ಳು ಸಾಯುತ್ತದೆ ಅಂತ. ಸತ್ತ ಕಳ್ಳಿನಿಂದ ಸಾನ್ನಾ ಉಬ್ಬೀತೇ? ವರ್ಷವಿಡೀ ಸುಣ್ಣ ಬಳಿದ ಅಜ್ಜ ಡಿಸೆಂಬರ್ 24ರಂದು ಒಂದು ಬುರುಡೆಗೆ ಮಾತ್ರ ಬಳಿಯುತ್ತಿರಲಿಲ್ಲವಂತೆ. ಪೊಲೀಸರು ಹಿಡಿದಿದ್ದರೆ ಜೈಲು. ಯಾಕೆ ಮಾಡಿದಿರಿ ಅಂತ ಕೇಳಿದರೆ ಅವರ ಉತ್ತರ ಸಣ್ಣದು. ‘ಅವರು ಕೇಳಿದ್ರು.’

ಆ ಅಜ್ಜನ ಚಾವಡಿಯಲ್ಲಿ ಇದ್ದದ್ದು ನಾರಾಯಣ ಗುರುಗಳ ಫೋಟೋ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥ ದೇವಸ್ಥಾನ ಪ್ರತಿಷ್ಠೆ ಮಾಡಿದ ಗುರುಗಳು ಕಳ್ಳಿನ ಕಸುಬು ಬಿಡಿ ಅಂತಲೇ ಹೇಳಿದವರು. ಅಜ್ಜ ಬೆಳಗ್ಗೆ ಆ ಫೋಟೋಕ್ಕೆ ಕೈ ಮುಗಿದು ಮರ ಹತ್ತುತ್ತಿದ್ದರು. ಅಪ್ಪನಿಗೆ ಇದು ಸರಿ ಕಾಣಲಿಲ್ಲ. ಅವರು ಒಂದು ದಿನವೂ ಮರ ಮುಟ್ಟಲಿಲ್ಲ, ಪೇಟೆಯಲ್ಲಿ ಅಂಗಡಿ ಇಟ್ಟರು, ನಮ್ಮನ್ನು ಓದಿಸಿದರು. ನನಗೂ ನಾಚಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಏಳನೇ ಕ್ಲಾಸಿನಲ್ಲಿ ಹುಡುಗರು ಮೂಗು ಹಿಡಿದು ನಕ್ಕ ಮೇಲೆ ಆ ತಂಬಿಗೆಯನ್ನು ಶಾಲೆಯ ಚೀಲದೊಳಗೆ ಅಡಗಿಸಿ ಒಯ್ಯಲು ಶುರು ಮಾಡಿದೆ. ಒಂದು ವರ್ಷ ಚೆಲ್ಲಿ ಸಮಾಜ ವಿಜ್ಞಾನದ ಪುಸ್ತಕ ಪೂರಾ ಒದ್ದೆ. ಬಾಯಮ್ಮ ಏನೂ ಕೇಳಲಿಲ್ಲ, ಪುಸ್ತಕವನ್ನು ಒಲೆಯ ಹತ್ತಿರ ಒಣಗಿಸಿ ಮರುದಿನ ಕುಸ್ವಾರಿನ ಜೊತೆ ಕಳಿಸಿದರು. ಮಾರ್ಚ್ ತನಕ ಅದು ಹುಳಿ ವಾಸನೆ ಹೊಡೆಯುತ್ತಿತ್ತು.

ಅಜ್ಜ ಹೋದದ್ದು ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ. ಆಮೇಲೆ ಬಾಯಮ್ಮನ ಮನೆಯಲ್ಲೂ ಪ್ಯಾಕೆಟ್ ಯೀಸ್ಟ್ ಬಂತು. ಬೆಂಗಳೂರಿನ ಫ್ಲ್ಯಾಟಿನಲ್ಲಿ ನಾನೂ ಒಮ್ಮೆ ಯೀಸ್ಟ್, ಸಕ್ಕರೆ, ಎಳನೀರು ಹಾಕಿ ಸಾನ್ನಾ ಮಾಡಿ ನೋಡಿದೆ. ಉಬ್ಬಿತು. ನೋಡಲು ಸಾನ್ನಾವೇ. ತಿಂದರೆ ಬ್ರೆಡ್ಡು.

ಹೋದ ಡಿಸೆಂಬರದಲ್ಲಿ ರಜೆ ಹಾಕಿ ಊರಿಗೆ ಹೋಗಿದ್ದೆ. 24ರ ಮಧ್ಯಾಹ್ನ ಅಪ್ಪ ಸ್ಕೂಟರ್ ತೆಗೆದು ಎಲ್ಲಿಗೋ ಹೋಗಿ ಬಂದರು. ನಮ್ಮ ಜಿಲ್ಲೆಯಲ್ಲಿ ಮೂರ್ತೆದಾರರ ಸೊಸೈಟಿಗಳು ಇನ್ನೂ ಕಳ್ಳು ಮಾರುತ್ತವೆ, ಗೊತ್ತಲ್ಲ. ಅಂಗಡಿ ಚೀಲದಲ್ಲಿ ಒಂದು ಬಾಟ್ಲಿ, ಅದಕ್ಕೆ ಎರಡು ಸುತ್ತು ಪೇಪರು. ಎಪ್ಪತ್ತು ವರ್ಷದ ಮನುಷ್ಯ, ಜೀವಮಾನದಲ್ಲಿ ಕಳ್ಳಿನ ಅಂಗಡಿ ಮೆಟ್ಟಿಲು ಹತ್ತಿದವರಲ್ಲ. ‘ಬಾಯಮ್ಮನಿಗೆ ಕಣ್ಣು ಸರಿ ಕಾಣುವುದಿಲ್ಲ ಈಗ, ಯೀಸ್ಟ್ ಅಳತೆ ತಪ್ಪುತ್ತದಂತೆ’ ಅಂದರು, ನಾನು ಏನೂ ಕೇಳದಿದ್ದರೂ. ಬಾಟ್ಲಿ ನನ್ನ ಕೈಗೆ ಕೊಟ್ಟರು. ಗದ್ದೆ ಈಗ ಅಡಿಕೆ ತೋಟ, ಹುಣಿ ಇದ್ದಲ್ಲಿ ಕಾಂಕ್ರೀಟು. ನಾನು ಪೇಪರ್ ಬಿಚ್ಚಿ ಬಾಟ್ಲಿಯನ್ನು ಹಾಗೇ ಕೈಯಲ್ಲಿ ಹಿಡಿದು ನಡೆದೆ. ಮರುದಿನ ಬೆಳಗ್ಗೆ ಎಂಟಕ್ಕೆ ಹನ್ನೆರಡು ಸಾನ್ನಾ ಬಂತು, ಜೊತೆಗೆ ತೆಂಗಿನ ಹಾಲು. ಅಪ್ಪ ಐದು ತಿಂದರು.